ಇಬ್ಬರು ಓಗೊಟ್ಟ ಮನೆ

ಮಧ್ಯಾಹ್ನ ಹಿಡಿದ ಮಳೆ ಸಂಜೆಯಾದರೂ ಬಿಡಲಿಲ್ಲ. ಬೆಟ್ಟದ ಮಣ್ಣನ್ನೆಲ್ಲ ಬಾಚಿಕೊಂಡು ಹಳ್ಳ ಕೆಂಪಗೆ ಉಕ್ಕಿ ಹರಿಯುತ್ತಿತ್ತು. ದಲ್ಲಾಳಿ ಕಬೀರಾಳ ಜೀಪು ಆಚೆ ದಡದಲ್ಲೇ ನಿಂತಿತ್ತು. ರಬ್ಹಾಳ ಮನೆಗೆ ಉಣ್ಣೆ ಹಿಂಜಲು ಬಂದಿದ್ದ ಹೆಂಗಸರು ಹೊರಡಲಾರದೆ ಒಲೆಯ ಸುತ್ತ ಕುಳಿತರು. ರಬ್ಹಾಳ ಮಗಳು ಯಮ್ನಾಳನ್ನು ಫೆಸ್ ಪಟ್ಟಣಕ್ಕೆ ಮನೆಗೆಲಸಕ್ಕೆ ಕರೆದೊಯ್ಯಲು ಬಂದಿದ್ದ ಕಬೀರಾ ಕೂಡ ಅವರ ನಡುವೆಯೇ ಕುಳಿತು ಪುದೀನ ಚಹಾ ಹೀರುತ್ತಿದ್ದಳು.

ಯಮ್ನಾಳಿಗೆ ಎಂಟು ವರ್ಷ. ಕಲ್ಲುಗಣಿಯಲ್ಲಿ ಬಿದ್ದು ಹಾಸಿಗೆ ಹಿಡಿದಿದ್ದ ಅವಳ ಅಪ್ಪ ಗೋಡೆಯ ಕಡೆ ತಿರುಗಿಕೊಂಡು, "ನಿನಗೆ ತೋಚಿದ ಹಾಗೆ ಮಾಡು" ಎಂದುಬಿಟ್ಟಿದ್ದ. ರಬ್ಹಾಳಿಗೆ ಏನೂ ತೋಚಿರಲಿಲ್ಲ. ಮಗಳ ಎರಡು ಬಟ್ಟೆ ಗಂಟು ಕಟ್ಟಿ ಬಾಗಿಲ ಬಳಿ ಇಟ್ಟಿದ್ದಳು, ಇಟ್ಟ ಮೇಲೆ ಆ ಕಡೆ ನೋಡಿರಲಿಲ್ಲ.

"ದಿನಾ ಬಿಳಿ ರೊಟ್ಟಿ, ಶುಕ್ರವಾರ ಮಾಂಸ. ಹಬ್ಬಕ್ಕೆ ಹೊಸ ಬಟ್ಟೆ. ರಾಣಿ ಹಾಗೆ ಇರ್ತಾಳೆ" ಎಂದಳು ಕಬೀರಾ. ಅವಳ ಚಿನ್ನದ ಹಲ್ಲು ಬೆಂಕಿಗೆ ಮಿನುಗಿತು.

"ಹಾಗಾದ್ರೆ ನನ್ನನ್ನೇ ಕರ್ಕೊಂಡ್ಹೋಗೇ ತಾಯಿ" ಎಂದಳು ಪಕ್ಕದ ಮನೆಯ ಫಾದ್ಮಾ. "ನನ್ನ ಗಂಡಂಗೇನು, ಕತ್ತೆ ಇದ್ರೆ ಸಾಕು."

"ನಿನ್ನ ಸೊಂಟಕ್ಕೆ ಆ ಮನೆ ಬಾಗಿಲು ಒಡೆದು ಕಟ್ಟಿಸ್ಬೇಕಾಗತ್ತೆ!" ಎಂದಳು ಇನ್ನೊಬ್ಬಳು.

ಎಲ್ಲರೂ ನಕ್ಕರು. ಮೇಲಿನ ಹಳ್ಳಿಯಿಂದ ಉಣ್ಣೆ ಹಿಂಜಲೆಂದೇ ಬಂದಿದ್ದ ಮುದುಕಿ ತೂದಾ ಮಾತ್ರ ನಗಲಿಲ್ಲ. ತಾನು ಹಿಂಜಿದ ಉಣ್ಣೆಯಲ್ಲಿ ಮೆತ್ತಗಿದ್ದುದನ್ನು ಆರಿಸಿ ಯಮ್ನಾಳ ತಣ್ಣಗಿದ್ದ ಪಾದಗಳ ಸುತ್ತ ಸುತ್ತುತ್ತಿದ್ದಳು. ಸುತ್ತಿ ಮುಗಿದ ಮೇಲೆ, ಯಾರೂ ಕೇಳದಿದ್ದರೂ, ಶುರು ಮಾಡಿದಳು.

"ಫೆಸ್‌ನಲ್ಲಿ ನಾನೂ ಇದ್ದೆ ಕಣ್ರೇ. ದೊಡ್ಡ ಮನೆ. ನಾನು ಅಡುಗೆಯೋಳು, ಮನೆ ಯಜಮಾನಿ ಲಲ್ಲಾ ಬತೂಲ್. ಕೆಟ್ಟ ಹೆಂಗಸು ಅಂತೀರಾ? ಅಲ್ಲ... ನನಗೆ ಜ್ವರ ಬಂದಾಗ ತನ್ನ ಕೈಯಾರೆ ಸಾರು ಕೊಟ್ಟೋಳು. ಆದ್ರೆ ಅವರ ಮನೇಲಿ ಒಂದು ಪದ್ಧತಿ ಇತ್ತು. ನಮ್ಮ ಬೆಟ್ಟದಿಂದ ಯಾವ ಹುಡುಗಿ ಕೆಲಸಕ್ಕೆ ಬಂದ್ರೂ ಅವಳ ಹೆಸರು ಸಾದಿಯಾ. ಅದೃಷ್ಟದೋಳು ಅಂತ! ಒಬ್ಬಳು ಹೋದ್ರೆ ಇನ್ನೊಬ್ಬಳು, ಅವಳೂ ಸಾದಿಯಾ. ಸಲಸಲಕ್ಕೂ ಹೊಸ ಹೆಸರು ಕಲಿಯೋಕೆ ನಾಲಿಗೆ ಸವೀತದೆ ಅಂತಿದ್ರು.

"ನಾನಿದ್ದಾಗ ಇದ್ದ ಸಾದಿಯಾ, ಇಷ್ಟೇ ಇದ್ಲು, ಈ ಮಗೂನಷ್ಟು. ಮಲಗೋದು ಮೆಟ್ಟಿಲ ಕೆಳಗೆ, ಇದ್ದಿಲು ಮೂಟೆ ಪಕ್ಕ. ಬೆಕ್ಕಿನ ಮರಿಗೆ ತನ್ನ ರೊಟ್ಟಿ ಅದ್ದಿ ತಿನ್ನಿಸೋಳು. ಚಳಿಗಾಲದಲ್ಲಿ ಮಾಳಿಗೆ ಮೇಲೆ ಜಮಖಾನ ತೊಳೆಯೋಕೆ ಹಚ್ಚಿದ್ರು... ಮಂಜಿನಂಥ ನೀರು. ಕೆಮ್ಮು ಹಿಡೀತು. ನಾನು ಥೈಮ್ ಸೊಪ್ಪು ಕುದಿಸಿ ಕೊಟ್ಟೆ, ಲಲ್ಲಾ ಜೇನುತುಪ್ಪ ಕೊಟ್ರು, ಆದ್ರೆ ಕೆಲಸ ಬಿಡಿಸ್ಲಿಲ್ಲ. ಒಂದು ಬೆಳಿಗ್ಗೆ ಮಗು ಏಳ್ಲಿಲ್ಲ. ಊರಿಗೆ ಸುದ್ದಿ ಕಳಿಸೋಣ ಅಂದ್ರೆ ಯಾವ ಊರು? ಯಾರ ಮಗಳು? ತಂದ ದಲ್ಲಾಳಿ ಸತ್ತು ವರ್ಷವಾಗಿತ್ತು. ಹಾಗೇ ಮಣ್ಣು ಮಾಡಿದ್ರು.

"ಆಮೇಲೆ ಹೊಸಬಳು ಬಂದ್ಲು. ಮೊದಲ್ನೇ ದಿನ ಲಲ್ಲಾ ಅಂಗಳದಲ್ಲಿ ನಿಂತು ಕೂಗಿದ್ರು, 'ಸಾದಿಯಾ!' ಅಡುಗೆಮನೆಯಿಂದ ಹುಡುಗಿ, 'ಬಂದೆ ಲಲ್ಲಾ' ಅಂದ್ಲು. ಮಾಳಿಗೆ ಮೇಲಿಂದ ಇನ್ನೊಂದು ದನಿ... 'ಬಂದೆ ಲಲ್ಲಾ.' ಆಮೇಲೆ ಸಣ್ಣ ಕೆಮ್ಮು."

ಫಾದ್ಮಾ ಬಾಯಿಗೆ ಚಾದರದ ಅಂಚು ಹಿಡಿದಳು. ಯಮ್ನಾ ತಾಯಿಯ ತೊಡೆಗೆ ಒತ್ತಿಕೊಂಡಳು.

"ಜಿನ್ ಅಂದ್ರು ಎಲ್ಲರೂ. ಧೂಪ ಹಾಕಿದ್ರು, ಮೂಲೆಮೂಲೆಗೆ ಉಪ್ಪು ಚೆಲ್ಲಿದ್ರು. ಆದ್ರೆ ಯಾವ ಜಿನ್ ಅಮ್ಮಾ ಬೆಳಗಾಗೋ ಮುಂಚೆ ಎದ್ದು ಅಂಗಳ ತೊಳೀತದೆ? ಹೊಸ ಹುಡುಗಿ ಕಣ್ಣುಬಿಡೋ ಹೊತ್ತಿಗೆ ಅಗ್ಗಿಷ್ಟಿಕೆ ಹೊತ್ತಿರೋದು, ಪಾತ್ರೆ ಬೆಳಗಿರೋದು. ಯಾರೋ ಅವಳ ಮೇಲೆ ಗೋಣಿಚೀಲ ಸರಿಯಾಗಿ ಹೊದಿಸಿರೋರು. ಆ ಮಗೂಗೆ ಭಯವೇ ಇಲ್ಲ! 'ಅಜ್ಜಿ, ಅಕ್ಕ ನಂಗೆ ಮಲಗು ಅಂತಾಳೆ' ಅಂತ ನಂಗೆ ಹೇಳೋಳು.

"ಮಂತ್ರ ಓದೋ ಮೌಲ್ವಿನ ಕರೆಸಿದ್ರು. ಪುಣ್ಯಾತ್ಮ, ಮಾಳಿಗೆ ಮೇಲೆ ಸುಮ್ಮನೆ ಕೂತು ಬಹಳ ಹೊತ್ತು ಕೇಳಿದ. ಕೆಳಗಿಳಿದು ಬಂದಾಗ ಅವನ ಗಡ್ಡವೆಲ್ಲ ಕಣ್ಣೀರು. 'ಇದು ಜಿನ್ ಅಲ್ಲ, ಕೂಸು. ತಾಯಿ ಇಟ್ಟ ಹೆಸರು ಹಿಡಿದು ಕರೆದು, ಕೆಲಸ ಮುಗೀತು ಮಗಳೇ ಅನ್ನಿ, ಹೋಗ್ತಾಳೆ. ಸಾದಿಯಾ ಅಂತ ಕರೀತಾ ಇರೋವರೆಗೂ ಬರ್ತಾನೇ ಇರ್ತಾಳೆ' ಅಂದ.

"ಲಲ್ಲಾ ಏನು ಮಾಡಿದ್ರು ಗೊತ್ತಾ? ಹೆದರಿದ್ರು ಅಂತೀರಾ? ಅತ್ತರು ಅಂತೀರಾ?... ಮೌಲ್ವಿಗೆ ಒಂದು ಸಕ್ಕರೆ ಅಚ್ಚು ಕೊಟ್ಟು ಕಳಿಸಿದ್ರು. ಮಾರನೇ ದಿನ ನಾದಿನಿ ಮನೆ ಜಮಖಾನಗಳನ್ನೂ ತರಿಸಿ ಮಾಳಿಗೆಗೆ ಹಾಕಿಸಿದ್ರು. 'ಒಬ್ಬಳ ಊಟಕ್ಕೆ ಇಬ್ಬರ ಕೆಲಸ ಆಗ್ತಿದ್ರೆ ಬೇಡ ಅನ್ನೋಕೆ ನಾನೇನು ಹುಚ್ಚಿಯಾ' ಅಂದ್ರು. ಕೇಳಿದ್ರೇನ್ರೇ? ಸತ್ತ ಮೇಲೂ ಬಿಡುಗಡೆ ಇಲ್ಲ. ದೆವ್ವ ಕಂಡ್ರೆ ಜನ ಹೆದರ್ತಾರೆ ಅಂತ ಹೇಳೋರು ಆ ಮನೆ ನೋಡಿಲ್ಲ.

"ನಾನು ರಜ ಕೇಳಿ ಬೆಟ್ಟಕ್ಕೆ ಬಂದೆ. ಗುರುವಾರದ ಸಂತೇಲಿ ನಿಂತು ಕೂಗಿದೆ, 'ಫೆಸ್‌ಗೆ ಮಗಳನ್ನ ಕಳಿಸಿದೋರು ಯಾರಮ್ಮಾ? ಬೆಕ್ಕು ಕಂಡ್ರೆ ಪ್ರಾಣ ಬಿಡೋಳು ಯಾರ ಮಗಳು?' ಒಬ್ಬಳು ಬರ್ತಾಳೆ ಅಂದ್ಕೊಂಡಿದ್ದೆ... ಸಂತೆಗೆ ಸಂತೆಯೇ ನನ್ನ ಸುತ್ತ ನಿಂತ್ಕೊಂಡ್ತು. 'ನನ್ನೋಳಾ? ನನ್ನೋಳಾ?' ಅಂತ. ಒಬ್ಬೊಬ್ಬಳೂ ನನ್ನ ಕಿವೀಲಿ ಒಂದೊಂದು ಹೆಸರು ಹಾಕಿದ್ಲು.

"ಅಷ್ಟೂ ಹೆಸರು ಬಾಯಲ್ಲಿ ಇಟ್ಕೊಂಡು ವಾಪಸ್ ಹೋದೆ. ಮಾಳಿಗೆ ಹತ್ತಿದೆ. ಒಂದೊಂದೇ ಹೆಸರು ಕೂಗ್ತಾ ಬಂದೆ, 'ಮಮ್ಮಾಸ್! ಇಝ್ಝಾ! ತಾಮೂ! ಕೆಲಸ ಮುಗೀತು ಮಗಳೇ!' ನಮ್ಮ ಮಾಳಿಗೆ ಸುಮ್ಮನಿತ್ತು. ಆದ್ರೆ ಅಲ್ಲಾಹುವಿನ ಆಣೆ... ಪಕ್ಕದ ಮನೆ ಮಾಳಿಗೆಯಿಂದ ಒಂದು ದನಿ, 'ಬಂದೆ!' ಅದರಾಚೆ ಮನೆಯಿಂದ ಇನ್ನೊಂದು. ಮಸೀದಿ ಹಿಂದಿಂದ, ಚರ್ಮ ಹದ ಮಾಡೋ ಕೇರಿಯಿಂದ, ಊರ ಈ ತುದಿಯಿಂದ ಆ ತುದಿವರೆಗೂ ಮಾಳಿಗೆಗಳ ಮೇಲಿಂದ ಸಣ್ಣಸಣ್ಣ ದನಿಗಳು... 'ಬಂದೆ, ಬಂದೆ, ಬಂದೆ.' ಬದುಕಿರೋರೋ, ಸತ್ತೋರೋ, ನಂಗೇನು ಗೊತ್ತು? ಹೆಸರು ಕೇಳಿದ ಖುಷಿ ಆ ದನೀಲಿ ಇತ್ತು, ಅಷ್ಟೇ ಗೊತ್ತು. ನಮ್ಮೋಳು ಮಾತ್ರ ಓಗೊಡ್ಲಿಲ್ಲ. ಅವಳ ತಾಯಿ ಆ ದಿನ ಸಂತೆಗೆ ಬಂದಿರ್ಲಿಲ್ಲವೇನೋ."

ಮಾತು ನಿಂತಿತು. ಹೊರಗೆ ಮಳೆಯೂ ನಿಂತಿರುವುದು ಆಗ ಗೊತ್ತಾಯಿತು.

"ಮುದುಕಿಯರಿಗೆ ಬೇರೆ ಕೆಲಸ ಇಲ್ಲ" ಎಂದು ಕಬೀರಾ ಮೈಮುರಿದು ಎದ್ದಳು. "ಹಳ್ಳ ಇಳೀತಿರ್ಬೇಕು. ಏಳಮ್ಮಾ ಯಮ್ನಾ."

ರಬ್ಹಾ ಮಗಳ ಕೈ ಬಿಡಲಿಲ್ಲ. "ಅಲ್ಲಿ ಇವಳನ್ನ ಏನಂತ ಕರೀತಾರೆ?" ಎಂದು ಕೇಳಿದಳು.

"ಏನಂತಾದ್ರೂ ಕರೀಲಿ, ಊಟ ಹಾಕ್ತಾರಲ್ಲ?"

"ಕಳಿಸಲ್ಲ" ಎಂದಳು ರಬ್ಹಾ. ತನ್ನ ದನಿಗೆ ತಾನೇ ಬೆಚ್ಚಿದಳು. "ಉಪವಾಸ ಬಿದ್ರೂ ಒಟ್ಟಿಗೇ ಬೀಳ್ತೀವಿ."

ಕಬೀರಾ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು ಎಂದು ರಬ್ಹಾಳಿಗೆ ಅನಿಸಿತು. ಶಾಲು ಹೊದೆಯುತ್ತ, ಸಂತೆಯಲ್ಲಿ ಈರುಳ್ಳಿ ಕೇಳುವವಳಂತೆ ಸುತ್ತ ನೋಡಿ, "ಆ ಮನೆಯವರು ಕಾಯ್ತಿದ್ದಾರೆ. ನಾನು ಬರಿಗೈಲಿ ಹೋಗೋ ಹಾಗಿಲ್ಲ. ಯಾರ ಮನೇಲಿ ಹುಡುಗಿ ಇದಾಳೆ ಹೇಳಿ" ಎಂದಳು.

ಹೆಂಗಸರ ಕೈ ಮತ್ತೆ ಉಣ್ಣೆಗೆ ಹೋಯಿತು.

"ನಮ್ಮೋಳು ಚಿಕ್ಕೋಳು" ಎಂದಿತು ಒಂದು ದನಿ. "ಆದ್ರೆ ಗಟ್ಟಿಗಿತ್ತಿ. ನೀರು ಹೊರ್ತಾಳೆ."

ಫಾದ್ಮಾ. ಕತೆ ಕೇಳುವಾಗ ಎಲ್ಲರಿಗಿಂತ ಹೆಚ್ಚು ಅತ್ತವಳು ಅವಳೇ, ಕಣ್ಣು ಇನ್ನೂ ಒದ್ದೆಯಾಗಿತ್ತು.

"ಕತೆ ಕೇಳಿದ್ಯಲ್ಲೇ ಫಾದ್ಮಾ?" ರಬ್ಹಾ ಕೂಗಿಯೇಬಿಟ್ಟಳು.

"ಕೇಳಿದೆ ಅಕ್ಕಾ. ಮನೇಲಿ ಹಿಟ್ಟಿನ ಮಡಕೆ ಹೇಳೋದನ್ನೂ ಕೇಳಿದೀನಿ. ನೀನು ಹಾಕ್ತೀಯಾ ನನ್ನ ಮಕ್ಕಳಿಗೆ?"

ರಬ್ಹಾ ಬಾಯಿ ತೆರೆದಳು. ಅವಳ ಮನೆಯಲ್ಲಿದ್ದ ಬಾರ್ಲಿ ಈ ವಾರಕ್ಕೂ ಸಾಲುತ್ತಿರಲಿಲ್ಲ. ತೊಡೆಯ ಮೇಲೆ ಯಮ್ನಾಳ ಬೆಚ್ಚಗಿನ ಕೈ ಇತ್ತು. ಅದು ಅಲ್ಲೇ ಇರುತ್ತದೆ ಎಂಬ ಸಮಾಧಾನ ಎದೆಯಲ್ಲಿ ಇಳಿಯುತ್ತಿತ್ತು. ಆ ಸಮಾಧಾನಕ್ಕೆ ನಾಚಿ ಅವಳು ಬಾಯಿ ಮುಚ್ಚಿಕೊಂಡಳು.

ಫಾದ್ಮಾ ಮನೆಯಲ್ಲಿ ಮಲಗಿದ್ದ ಮಗಳನ್ನು ಎಬ್ಬಿಸಲು ಎದ್ದಳು. ಬಾಗಿಲಲ್ಲಿ ಮುದುಕಿ ಅವಳ ಚಾದರದ ಅಂಚು ಹಿಡಿದಳು. ಬೈಯುತ್ತಾಳೇನೋ ಎಂದು ಎಲ್ಲರೂ ನೋಡಿದರು. ತೂದಾ ಬೈಯಲಿಲ್ಲ. ಫಾದ್ಮಾಳ ಕೆನ್ನೆ ಒರೆಸಿದಳು, ಚಾದರವನ್ನು ತಲೆಯ ಮೇಲೆ ಸರಿಮಾಡಿದಳು.

"ಕೂಸಿನ ಹೆಸರೇನು ಮಗಳೇ?"

"ತಿಝೀರಿ."

"ಇನ್ನೊಂದು ಸಲ ಹೇಳು, ಗಟ್ಟಿಯಾಗಿ. ಇವರೆಲ್ಲರಿಗೂ ಕೇಳ್ಲಿ" ಎಂದಳು ತೂದಾ. "ನನಗೆ ವಯಸ್ಸಾಯ್ತು. ಮಾಳಿಗೆ ಹತ್ತಿ ಕರೆಯೋ ಹೊತ್ತಿಗೆ ನಾನಿರ್ತೀನೋ ಇಲ್ವೋ..."