ಆಯುಧಪೂಜೆಯ ಸ್ಮಾರ್ಟ್ ಬೋರ್ಡ್

ಕಾಮಾಕ್ಷಿಪಾಳ್ಯದ ಬಸ್‌ಸ್ಟಾಪಿನಲ್ಲಿ ನನ್ನ ಪಕ್ಕ ಇಬ್ಬರು ಶಿಕ್ಷಕಿಯರು ನಿಂತಿದ್ದರು. ಇಬ್ಬರ ಹೆಗಲಲ್ಲೂ ಶಿಕ್ಷಣ ತಂತ್ರಜ್ಞಾನ ಸಮ್ಮೇಳನದ ಹೊಸ ಚೀಲ. ಅವರಲ್ಲಿ ಹಿರಿಯರು ಕಿರಿಯರನ್ನು ಗದರುತ್ತಿದ್ದರು.

“ಕುಸುಮಾ, ಅಷ್ಟು ಜನರ ಮುಂದೆ ಮೈಕ್ ತಗೊಂಡು ಹಾಗೆ ಹೇಳೋದಾ?”

“ಸ್ಮಾರ್ಟ್ ಬೋರ್ಡ್ ಯಾವಾಗ ಬಳಸ್ತೀರ ಅಂತ ಸ್ಟೇಜ್ ಮೇಲಿದ್ದವರೇ ಕೇಳಿದ್ರು. ವರ್ಷಕ್ಕೊಂದ್ಸಲ, ಆಯುಧಪೂಜೆಗೆ, ಅಂದೆ.”

“ಹೆಡ್‌ಮಾಸ್ಟರ್ ಮುಂದಿನ ಸಾಲಲ್ಲೇ ಕೂತಿದ್ರು ಕಣೇ!”

“ಕೇಳಿಸ್ಲಿ ಅಂತಾನೇ ಹೇಳಿದ್ದು. ಮಕ್ಕಳು ಗೀಚಿಬಿಡ್ತಾರೆ ಅಂತ ಬೋರ್ಡನ್ನ ತಮ್ಮ ರೂಮಲ್ಲಿ ಪ್ಲಾಸ್ಟಿಕ್ ಕವರ್ ಕೂಡ ತೆಗೀದೆ ಇಟ್ಕೊಂಡಿದಾರಲ್ಲ?”

“ನಾಳೆ ರೂಮಿಗೆ ಕರೀತಾರೆ, ನೋಡ್ತಿರು.”

“ಕರೀಲಿ. ಏಳನೇ ಕ್ಲಾಸಿನ ನಲವತ್ತಾರು ಮಕ್ಕಳನ್ನೂ ಕರ್ಕೊಂಡೇ ಹೋಗ್ತೀನಿ. ಬೋರ್ಡ್ ಕ್ಲಾಸಿಗೆ ಬರ್ಲಿಲ್ಲ ಅಂದ್ರೆ ಕ್ಲಾಸೇ ಅಲ್ಲಿ ಕೂರುತ್ತೆ.”

ಬಸ್ ಬಂತು. ಮೆಟ್ಟಿಲು ಹತ್ತುತ್ತಾ ಹಿರಿಯರು ಹಿಂತಿರುಗಿ ನೋಡಿದರು.

“ಗೋಡೆ ಕಡೆ ಸ್ವಲ್ಪ ಜಾಗ ಬಿಟ್ಟಿರು. ನನ್ನ ಆರನೇ ಕ್ಲಾಸೂ ಬರುತ್ತೆ.”