ನೈಜೆಲ್ ಸಿಕ್ವೇರಾ ಒದ್ದ ಕೊನೆಯ ಚೆಂಡು

ನಮ್ಮ ಸಂಘದ ಹಾಗೂ ಈ ಸಭೆಯ ಅಧ್ಯಕ್ಷರಾದ ದೇಜಪ್ಪ ಕರ್ಕೇರ ಅವರೇ, ಮುಖ್ಯ ಅತಿಥಿ ಸರ್ಫರಾಝ್ ಸಾಹೇಬರೇ, ಮುಂದಿನ ಸಾಲಿನಲ್ಲಿರುವ ನೈಜೆಲ್ ಅವರ ಪತ್ನಿ ಎಡ್ನಾ ಬಾಯಿಯವರೇ, ಬಲಗಡೆ ಕುಳಿತಿರುವ ಹಮದ್ ಬಂದರಿನ ಸಭಿಕರೇ, ಎಡಗಡೆಯ ನಮ್ಮ ದುಖಾನಿನ ಸಭಿಕರೇ, ಹಾಗೂ ಊಟಕ್ಕೆಂದು ಬಂದು ಭಾಷಣಕ್ಕೆ ಸಿಕ್ಕಿಬಿದ್ದ ಹಿಂದಿನ ಸಾಲಿನ ಸಭಿಕರೇ,

ಕಳೆದ ಜೂನ್‌ನಲ್ಲಿ ಹೃದಯಾಘಾತದಿಂದ ನಮ್ಮನ್ನಗಲಿದ ನೈಜೆಲ್ ಸಿಕ್ವೇರಾ ಅವರ ಬಗ್ಗೆ ಎದುರಾಳಿ ತಂಡದ ಅಭಿಮಾನಿಯಾಗಿ ನಾಲ್ಕು ಒಳ್ಳೆಯ ಮಾತು ಹೇಳಬೇಕೆಂದು ಅಧ್ಯಕ್ಷರು ನನಗೆ ಆದೇಶಿಸಿದ್ದಾರೆ. 'ಯಜ್ಞೇಶ್, ಒಳ್ಳೆಯದು ಮಾತ್ರ ಆಯ್ತಾ' ಎಂದು ಅವರು ಫೋನಿನಲ್ಲಿ ಮೂರು ಸಲ ಹೇಳಿದರು. ಒಂದು ಸಲ ಸಾಕಿರಲಿಲ್ಲವೇ?

ನೈಜೆಲ್ ಎಂಟು ವರ್ಷ ಪರ್ತ್‌ನಲ್ಲಿ ದುಡಿದು, ಅಲ್ಲಿಂದ ಈ ದೋಹಾಕ್ಕೆ ಬಂದವರು. ಬರುವಾಗ ಮೊಟ್ಟೆಯಾಕಾರದ ಒಂದು ಚೆಂಡು ತಂದರು. ಅದು ಆಸ್ಟ್ರೇಲಿಯದವರ ಫುಟ್‌ಬಾಲ್. ಕೈಯಲ್ಲಿ ಹಿಡಿಯಬಹುದು, ಕಾಲಲ್ಲಿ ಒದೆಯಬಹುದು, ಹಿಡಿದವನನ್ನು ಕೆಡವಲೂಬಹುದು. ನಮ್ಮೂರಿನ ಕಬಡ್ಡಿ ಹುಡುಗರಿಗೆ ಇನ್ನೇನು ಬೇಕು? ಎರಡೇ ವರ್ಷದಲ್ಲಿ ಬಂದರಿನಲ್ಲೊಂದು ತಂಡ, ಮರಳುಗಾಡಿನಾಚೆ ಎಣ್ಣೆ ಬಾವಿಗಳ ದುಖಾನಿನಲ್ಲೊಂದು ತಂಡ. ಬಂದರಿನ ನಾಯಕರು ನೈಜೆಲ್.

ಅವರು ಚೆಂಡು ಹಿಡಿಯುತ್ತಿದ್ದ ರೀತಿಯನ್ನು ನೀವು ನೋಡಿದ್ದೀರಿ. ಮುಂದಿದ್ದವನ ಬೆನ್ನ ಮೇಲೆ ಮೊಣಕಾಲೂರಿ, ತೆಂಗಿನ ಮರ ಹತ್ತಿದ ಹಾಗೆ ಹತ್ತಿ, ಆಕಾಶದಲ್ಲಿ ಹಿಡಿಯುತ್ತಿದ್ದರು. ಆ ಮುಂದಿದ್ದವನು ಯಾವಾಗಲೂ ನಮ್ಮ ರಿತೇಶನೇ. ನಾವು ಎರಡು ವರ್ಷ 'ಫೌಲ್, ಫೌಲ್' ಎಂದು ಗಂಟಲು ಹರಿದುಕೊಂಡೆವು. ಆಮೇಲೆ ಯಾರೋ ನಿಯಮದ ಪುಸ್ತಕ ತರಿಸಿದರು. ಅದು ಫೌಲ್ ಅಲ್ಲವಂತೆ! ಹಾಗೆ ಹಿಡಿದವನಿಗೆ ಯಾರ ತಡೆಯೂ ಇಲ್ಲದೆ ಒದೆಯುವ ಅವಕಾಶ ಬೇರೆಯಂತೆ! ಅವತ್ತು ನಮಗಾದ ದುಃಖ ಯಾವ ಸೋಲಿನಲ್ಲೂ ಆಗಿರಲಿಲ್ಲ.

ಒಮ್ಮೆ ರಿತೇಶನ ಪಕ್ಕೆಲುಬು ಮುರಿಯಿತು. ಆಸ್ಪತ್ರೆಗೆ ಕರೆದುಕೊಂಡು ಹೋದವರು ನೈಜೆಲ್. ಆಮೇಲೆ ಮೂರು ಶುಕ್ರವಾರ ಎಡ್ನಾ ಬಾಯಿ ಮಾಡಿದ ಬಂಗುಡೆ ಸಾರು ಹಿಡಿದು ದುಖಾನಿಗೆ ಬಂದವರೂ ನೈಜೆಲ್. ರಿತೇಶ ಉಣ್ಣುತ್ತಿದ್ದರೆ ಪಕ್ಕದಲ್ಲಿ ಕುಳಿತು, 'ತಪ್ಪು ನಿನ್ನದೇ ಮಾರಾಯ. ನೀನು ಬಗ್ಗಿದೆ, ನಾನು ಹತ್ತಿದೆ' ಎನ್ನುತ್ತಿದ್ದರು. ಇಂಥ ಮನುಷ್ಯನನ್ನು ಪ್ರೀತಿಸುವುದು ಹೇಗೆ? ದ್ವೇಷಿಸುವುದಾದರೂ ಹೇಗೆ?

ಅವರು ಜಗಳ ಮಾಡದ ಅಂಪೈರ್ ಈ ಕತಾರಿನಲ್ಲಿ ಇಲ್ಲ. ಇದಕ್ಕೆ ಬಲಗಡೆಯವರೂ ತಲೆಯಾಡಿಸುತ್ತಿದ್ದಾರೆ. ಧನ್ಯವಾದ. ಆದರೆ ಒಬ್ಬ ಅಂಪೈರನ ಜೊತೆ ಮಾತ್ರ ಅವರು ಜಗಳ ಮಾಡಲಿಲ್ಲ. ಅದು ನಾನು.

ಇದನ್ನು ಹೇಳಬೇಕೆಂದು ನಾನು ಬರೆದುಕೊಂಡು ಬಂದಿರಲಿಲ್ಲ. ಕಾಗದದಲ್ಲಿ ಮುಂದಿರುವುದು 'ಕ್ರೀಡೆಯಿಂದ ಆರೋಗ್ಯ' ಎಂಬ ವಿಷಯ. ಅದು ಇರಲಿ.

ನಾಲ್ಕು ವರ್ಷದ ಹಿಂದಿನ ಫೈನಲ್ ನಿಮಗೆ ನೆನಪಿರಬಹುದು. ಇರುವುದೇ ಎರಡು ತಂಡ, ಹಾಗಾಗಿ ಎಷ್ಟು ಸೋತರೂ ಫೈನಲ್‌ನಲ್ಲಿ ನಾವು ಇರುತ್ತಿದ್ದೆವು. ಗೋಲಿನ ಕಂಬದ ಬಳಿ ಬಾವುಟ ಬೀಸಲು ಒಂದು ತುದಿಗೆ ನಮ್ಮವರೊಬ್ಬರು ಬೇಕಿತ್ತು. ಆಟ ಬಾರದವನೆಂದು ನನ್ನನ್ನು ನಿಲ್ಲಿಸಿದರು. ಚೆಂಡು ನಡುವಿನ ಎರಡು ಕಂಬಗಳ ಮಧ್ಯೆ ಹೋದರೆ ಆರು ಅಂಕ, ಎರಡು ಬಾವುಟ. ಕಂಬಕ್ಕೆ ತಾಗಿದರೆ ಒಂದೇ ಅಂಕ, ಒಂದೇ ಬಾವುಟ. ಇಷ್ಟೇ ಕೆಲಸ.

ಕೊನೆಯ ನಿಮಿಷ. ದುಖಾನ್ ನಾಲ್ಕು ಅಂಕ ಮುಂದಿತ್ತು. ಚೆಂಡು ನೈಜೆಲ್ ಕೈಯಲ್ಲಿ. ರಿತೇಶ ಅವರ ಕೆಳಗೆ. ನೈಜೆಲ್ ಎದ್ದು, ಚಡ್ಡಿಯ ಮರಳು ಕೊಡವಿ, ಒದ್ದರು. ಚೆಂಡು ನನ್ನ ತಲೆಯ ಮೇಲೆ, ಕಂಬದ ಒಳಬದಿಯಲ್ಲಿ, ಒಂದು ಗೇಣು ದೂರದಲ್ಲಿ ಹೋಯಿತು.

ನಾನು ಒಂದು ಬಾವುಟ ಬೀಸಿದೆ.

ಯಾಕೆ? ಅಲ್ಲಿಯವರೆಗೆ ದುಖಾನ್ ಏನನ್ನೂ ಗೆದ್ದಿರಲಿಲ್ಲ. ವಾರ ವಾರ ಗಂಟೆಗೂ ಹೆಚ್ಚು ಹೊತ್ತು ಕಾರು ಓಡಿಸಿ ಬಂದು, ಸೋತು, ಮರಳುಗಾಡಿನಲ್ಲಿ ವಾಪಸು ಹೋಗುತ್ತಿದ್ದೆವು. ಕೈ ತಾನಾಗಿಯೇ ಎದ್ದಿತು ಎಂದು ನಾಲ್ಕು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಕೈ ತಾನಾಗಿಯೇ ಏಳುವುದಿಲ್ಲ, ಸಭಿಕರೇ.

ಬಂದರಿನ ಹದಿನೈದು ಮಂದಿ ನನ್ನ ಮೇಲೆ ಏರಿ ಬಂದರು. ನೈಜೆಲ್ ತಮ್ಮವರನ್ನೆಲ್ಲ ಸರಿಸಿ ನನ್ನೆದುರು ನಿಂತರು. ಇವತ್ತು ನನ್ನ ಕಥೆ ಖಲಾಸ್ ಎಂದುಕೊಂಡೆ.

'ಯಜ್ಞೇಶಣ್ಣ, ಸರಿಯಾಗಿ ಹೇಳಿ. ತಾಗಿತಾ?'

'ತಾಗಿತು' ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ತಿರುಗಿ, 'ಯಲ್ಲಾ, ನಡೀರಿ. ಅವರು ಹತ್ತಿರ ಇದ್ರು, ಅವರಿಗೆ ಗೊತ್ತು' ಎಂದರು. ಅಷ್ಟೇ.

ಆ ರಾತ್ರಿ ದುಖಾನಿನಲ್ಲಿ ಬಿರಿಯಾನಿ ಮಾಡಿದ್ದರು. 'ಗೆದ್ದವರು ಉಣ್ಣುವುದಿಲ್ವಾ?' ಎಂದು ನನ್ನ ಹೆಂಡತಿ ಲೀಲಾಕ್ಷಿ ಕೇಳಿದಳು. ಹೊಟ್ಟೆನೋವು ಎಂದೆ. ಮುಂದಿನ ವರ್ಷದ ಪಂದ್ಯಗಳು ಶುರುವಾಗುವ ಮೊದಲೇ ಮೊಣಕಾಲು ಕೈಕೊಟ್ಟು ನೈಜೆಲ್ ಆಟ ಬಿಟ್ಟರು. ಅವರು ಒದ್ದ ಕೊನೆಯ ಚೆಂಡು ಅದೇ.

ಜೂನ್‌ನಲ್ಲಿ ಅಲ್ ಅಜೀಜಿಯಾದ ಅವರ ಮನೆಗೆ ಹೋದಾಗ ಎಡ್ನಾ ಬಾಯಿ ನನ್ನ ಕೈ ಹಿಡಿದು ಒಂದು ಮಾತು ಹೇಳಿದರು. 'ದುಖಾನಿನವರಲ್ಲಿ ಯಜ್ಞೇಶಣ್ಣ ಒಬ್ಬರೇ ಸುಳ್ಳು ಹೇಳದವರು ಅಂತ ಇವರು ಯಾವಾಗಲೂ ಹೇಳ್ತಿದ್ರು.' ನೈಜೆಲ್ ನಿಜವಾಗಿ ನಂಬಿದ್ದರೋ, ಅಥವಾ ಗೊತ್ತಿದ್ದೇ ಹಾಗೆಂದರೋ? ಕೇಳಲು ಅವರಿಲ್ಲ. ಬೆನ್ನ ಮೇಲೆ ಮೊಣಕಾಲು ಊರುವುದೆಂದರೆ ಏನೆಂದು ನನಗೆ ಅವತ್ತು ತಿಳಿಯಿತು.

ಅಧ್ಯಕ್ಷರೇ, ದಯವಿಟ್ಟು ಸಂಘದ ಪುಸ್ತಕದಲ್ಲಿ ತಿದ್ದಿಕೊಳ್ಳಿ. ಚೆಂಡು ತಾಗಲಿಲ್ಲ. ಹಮದ್ ಬಂದರು ಎರಡು ಅಂಕಗಳಿಂದ ಗೆದ್ದಿದೆ. ಎಡ್ನಾ ಬಾಯಿ, ನನ್ನನ್ನು ಕ್ಷಮಿಸಿ. ಎಡಗಡೆಯವರು ದಯವಿಟ್ಟು ಕುಳಿತುಕೊಳ್ಳಿ. ಚಪ್ಪಲಿಯನ್ನು ಕಾಲಿಗೇ ಹಾಕಿಕೊಳ್ಳಿ.

ನನ್ನನ್ನು ಇಲ್ಲಿಗೆ ಕರೆತಂದ ರಿತೇಶ ಈಗಷ್ಟೇ ಕಾರಿನ ಕೀ ಹಿಡಿದು ಹೊರಗೆ ಹೋದದ್ದನ್ನು ನೋಡಿದೆ. ದುಖಾನ್ ಇಲ್ಲಿಂದ ಎಂಬತ್ತು ಕಿಲೋಮೀಟರು. ಬಂದರಿನವರಲ್ಲಿ ಯಾರಾದರೂ ಆ ಕಡೆ ಹೋಗುವವರಿದ್ದರೆ… ಆ ಕಡೆ ಯಾರೂ ಹೋಗುವುದಿಲ್ಲ, ಗೊತ್ತು. ಆದರೂ ಯಾರಾದರೂ ಇದ್ದರೆ, ಊಟವಾದ ಮೇಲೆ ನಾನು ಬಾಗಿಲ ಹತ್ತಿರ ನಿಂತಿರುತ್ತೇನೆ.

ಇಷ್ಟು ಹೊತ್ತು ಕೇಳಿಸಿಕೊಂಡಿದ್ದಕ್ಕೆ ಎರಡೂ ಕಡೆಯವರಿಗೆ ಕೃತಜ್ಞತೆಗಳು. ನಮಸ್ಕಾರ.