ರಾಣಿಯ ಪಕ್ಕದ ಪರದೆ

ಹೆಸರು ಒಟ್‌ಫ್ರೀಡ್ ಹೆಲ್ಬಿಗ್, ವಯಸ್ಸು 61 ವರ್ಷ, ಕೆಲಸ ಅರಮನೆ ಚಿತ್ರಶಾಲೆಯ ಕಾವಲು, ವಾಸ ಡೀಟ್ಸ್‌ಗ್ರುಂಡ್ ಹಳ್ಳಿ, ಗ್ರೋನ್‌ಬಾಖ್ ಬಳಿ, ಥ್ಯೂರಿಂಗಿಯಾ.

ನಾನಾಗಿಯೇ ಠಾಣೆಗೆ ಬಂದು ತಿಳಿಸುವುದೇನೆಂದರೆ, ನೀಲಿ ಸಭಾಂಗಣದಲ್ಲಿರುವ ರಾಣಿ ಯೂಲಿಯಾನೆಯ ಚಿತ್ರದ ಕಥೆಯನ್ನು ನನಗೆ ಮೊದಲು ಹೇಳಿದವಳು ನನ್ನ ಅಜ್ಜಿ ವಾಲ್ಬುರ್ಗಾ, 1944ರ ಚಳಿಗಾಲದಲ್ಲಿ, ಆಲೂಗಡ್ಡೆ ಸುಲಿಯುತ್ತಾ. ನಮ್ಮ ಮನೆತನದ ಹೆಂಗಸೊಬ್ಬಳು ರಾಣಿಯ ಮಗುವಿಗೆ ಹಾಲೂಡಲು ಅರಮನೆಗೆ ಹೋಗಿದ್ದಳೆಂದೂ, ಚಿತ್ರಕಾರ ಅವಳನ್ನೂ ರಾಣಿಯ ಪಕ್ಕದಲ್ಲೇ ಬರೆದಿದ್ದನೆಂದೂ, ಹಳ್ಳಿಯವಳು ಅಲ್ಲಿ ನಿಂತದ್ದನ್ನು ಸಹಿಸದ ಆಸ್ಥಾನದವರು ಆಮೇಲೆ ಬಣ್ಣ ಬಳಿಸಿ ಮುಚ್ಚಿಸಿದರೆಂದೂ ಹೇಳಿದ್ದಳು. ಕೇಳಿದವರೆಲ್ಲ ನಕ್ಕರು. ನಾನೂ ನಕ್ಕೆ. ಇಪ್ಪತ್ತಾರು ವರ್ಷದಿಂದ ಆ ಚಿತ್ರವನ್ನು ಕಾಯುತ್ತಿದ್ದೇನೆ. ರಾಣಿಯ ಎಡಗಡೆಯ ಕಂದು ಜಾಗ ಪರದೆ, ಅವಳ ಎಡಗೈ ಪರದೆಯ ಅಂಚನ್ನು ಹಿಡಿದಿದೆ ಎಂದು ನೋಡಬಂದವರಿಗೆ ಹೇಳುತ್ತಾ ಬಂದಿದ್ದೇನೆ.

ದಿನಾಂಕ 20-04-1998 ಸೋಮವಾರ ಅರಮನೆಗೆ ರಜೆ. ಬೆಳಿಗ್ಗೆ 9.40ಕ್ಕೆ ನಾನು ಸಭಾಂಗಣದ ಬಾಗಿಲಲ್ಲಿದ್ದೆ. ನಾಲ್ಕು ಮೀಟರ್ ದೂರದಲ್ಲಿ, ಚಿತ್ರ ಶುಚಿ ಮಾಡಲು ಬಂದಿರುವ ಸ್ವಾಂತ್ಯೆ ರೀಮರ್ಸ್ ನನಗೆ ಬೆನ್ನು ಹಾಕಿ ಕುಳಿತಿದ್ದರು. ಹತ್ತಿ ಸುತ್ತಿದ ಕಡ್ಡಿಯನ್ನು ಬಾಯಲ್ಲಿಟ್ಟು ತೆಗೆದು ಚಿತ್ರಕ್ಕೆ ಉಜ್ಜಿದರು. "ಏನಮ್ಮಾ ಇದು, ರಾಣಿಗೆ ಎಂಜಲು ಬಳೀತೀಯಲ್ಲ!" ಎಂದು ಕೂಗಿದೆ. ಮೇಲ್ಭಾಗದ ಕಂದು ಬಣ್ಣವನ್ನು ಬೆಳಿಗ್ಗೆಯೇ ಔಷಧದಿಂದ ತೆಗೆದಾಗಿದೆ, ಉಳಿದ ಕೊಳೆಗೆ ಉಗುಳಿನಷ್ಟು ಮೆತ್ತಗಿನ ಮದ್ದಿಲ್ಲ ಎಂದು ಅವರು ಹೇಳಿದರು. "ಇವತ್ತು ಕಾಫಿನೂ ಕುಡಿದಿಲ್ಲ ಹೆಲ್ಬಿಗ್ ಅವರೇ, ರಾಣಿಗೋಸ್ಕರ ಉಪವಾಸ" ಎಂದು ನಕ್ಕರು. ನನ್ನನ್ನು ಹಾಸ್ಯ ಮಾಡುತ್ತಿದ್ದಾರೆಂದು ತಿಳಿದೆ. ಚಿತ್ರದತ್ತ ನೋಡದೆ ಹೊರಟೆ. 9.55ಕ್ಕೆ ಈ ಠಾಣೆಗೆ ಫೋನ್ ಮಾಡಿ ದೂರು ಕೊಟ್ಟೆ.

11.30ಕ್ಕೆ ಅರಮನೆಯ ಮೇಲ್ವಿಚಾರಕರು ಕೆಲಸ ನಿಲ್ಲಿಸಿದರು. ಗುರುವಾರ ಮಧ್ಯಾಹ್ನದೊಳಗೆ ದೂರು ವಾಪಸಾಗದಿದ್ದರೆ ರೀಮರ್ಸ್ ಅವರನ್ನು ಕೆಲಸದಿಂದ ತೆಗೆದು, ಚಿತ್ರವನ್ನು ಇದ್ದಂತೆಯೇ ನೆಲಮಾಳಿಗೆಗೆ ಇಳಿಸುವುದಾಗಿ ತಿಳಿಸಿದರು. ರೀಮರ್ಸ್ ಕಡ್ಡಿಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದರು. ಟಿಕೆಟ್ ಕೊಡುವ ಇರ್ಮ್‌ಹಿಲ್ಡ್, "ಎಂಜಲಿಗೆ ಪೊಲೀಸ್ ಕರೆದ ಪುಣ್ಯಾತ್ಮ ನೀನೊಬ್ಬನೇ ಕಣಯ್ಯ! ನಾಳೆ ನಾನು ಸೀನಿದರೆ ಸೈನ್ಯ ಕರೀತೀಯೇನೋ" ಎಂದಳು.

ದಿನಾಂಕ 21-04-1998 ಮಂಗಳವಾರ ಬೆಳಿಗ್ಗೆ 10 ಗಂಟೆಗೆ, ಎಷ್ಟು ಹಾಳಾಗಿದೆ ಎಂದು ನೋಡಲು ಕಿಟಕಿಯ ಬಾಗಿಲು ತೆರೆದೆ. ಬಿಸಿಲು ನೇರವಾಗಿ ಚಿತ್ರದ ಮೇಲೆ ಬಿತ್ತು. ಪರದೆ ಇದ್ದ ಕಡೆ ಮೇಲಿನಿಂದ ಎರಡು ಗೇಣು ಜಾಗ ತೆರೆದಿತ್ತು. ಅಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಕೆಂಪು ರವಿಕೆ, ಬಿಸಿಲಿಗೆ ಸುಟ್ಟ ಹಣೆ, ತೋಳಿನಲ್ಲಿ ರಾಜಕುಮಾರ. ತಲೆವಸ್ತ್ರದ ಗಂಟು ಎಡಗಿವಿಯ ಮೇಲಿತ್ತು. ಹಾಲೂಡುವ ತಾಯಂದಿರು ಹಾಗೆ ಕಟ್ಟುತ್ತಿದ್ದುದು ನಮ್ಮ ಹಳ್ಳಿಯಲ್ಲಿ ಮಾತ್ರ. ನನ್ನ ತಮ್ಮ ಹುಟ್ಟಿದಾಗ ನನ್ನ ತಾಯಿ ಹಾಗೆಯೇ ಕಟ್ಟಿದ್ದಳು. ರಾಣಿಯ ಎಡಗೈ ಹಿಡಿದಿದ್ದದ್ದು ಪರದೆಯನ್ನಲ್ಲ, ಆ ಹೆಂಗಸಿನ ಕೈಯನ್ನು.

ನಾನು 10.20ರವರೆಗೆ ನಿಂತಿದ್ದೆ. ಸಭಾಂಗಣದ ನೆಲ ಗೀರದಂತೆ ಎಲ್ಲರೂ ಬೂಟಿನ ಮೇಲೆ ಹಾಕಿಕೊಳ್ಳಬೇಕಾದ ಉಣ್ಣೆ ಚಪ್ಪಲಿಯನ್ನು ಮರೆತಿದ್ದೆನೆಂದು ಆಮೇಲೆ ತಿಳಿಯಿತು. ಇಪ್ಪತ್ತಾರು ವರ್ಷದಲ್ಲಿ ಇದೇ ಮೊದಲು.

ಹೆಂಗಸಿನ ಸೊಂಟದ ಕೆಳಗಿನ ಭಾಗ ಇನ್ನೂ ಕಂದು ಬಣ್ಣದಡಿ ಇದೆ. ರೀಮರ್ಸ್ ಅವರು ಯಾವ ತಪ್ಪನ್ನೂ ಮಾಡಿಲ್ಲ. ನನ್ನ ದೂರನ್ನು ಹಿಂತೆಗೆದುಕೊಳ್ಳುತ್ತೇನೆ.

ಇಲ್ಲಿ ಬರೆಸಿದ್ದೆಲ್ಲ ನಾನು ಕಂಡದ್ದು, ಕೇಳಿದ್ದು, ಮಾಡಿದ್ದು. ಓದಿಸಿ ಕೇಳಿದೆ, ನಿಜವಾಗಿದೆ.

ಸ್ಥಳ: ಗ್ರೋನ್‌ಬಾಖ್ ಠಾಣೆ
ದಿನಾಂಕ: 22-04-1998
ಸಹಿ: ಒ. ಹೆಲ್ಬಿಗ್

ಠಾಣಾಧಿಕಾರಿಯ ಷರಾ: ದಿನಾಂಕ 23-04-1998 ಬೆಳಿಗ್ಗೆ 9.50ಕ್ಕೆ ನಾನು ಮತ್ತು ಈ ಹೇಳಿಕೆಯನ್ನು ಟೈಪ್ ಮಾಡಿದ ಸಿಬ್ಬಂದಿ ಸ್ಥಳ ಪರಿಶೀಲನೆಗೆ ಹೋದೆವು. "ಪೊಲೀಸರಾದರೇನು, ಚಪ್ಪಲಿ ಹಾಕ್ಕೊಳ್ಳಿ" ಎಂದು ಹೆಲ್ಬಿಗ್ ಹೇಳಿದರು, ಹಾಕಿಕೊಂಡೆವು. 10 ಗಂಟೆಗೆ ಬಿಸಿಲು ಬಂತು. ನಾನು ಟೋಪಿ ತೆಗೆದೆ. ರೀಮರ್ಸ್ ಹತ್ತಿಯ ಕಡ್ಡಿಯನ್ನು ಬಾಯಿಗಿಟ್ಟು ಕೆಲಸ ಶುರು ಮಾಡಿದರು. ಹೆಲ್ಬಿಗ್ ಮಂಡಿಯೂರಿ ಕುಳಿತು ಚಿತ್ರದ ಕೆಳಭಾಗಕ್ಕೆ ದೀಪ ಹಿಡಿದರು.